ಒಂದನೆಯ ತರಗತಿಯ ದೇವರು

(ಅಮೆರಿಕದ ಕನ್ನಡ ಓದುಗರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಇಂದು ನಾನು ಮಾತನಾಡಬೇಕೆಂದಿರುವುದು ಆರು ವರ್ಷದ ಮಕ್ಕಳ ಕಲಿಕೆಯ ಬಗ್ಗೆ. ನಮ್ಮ ಕೂಟಗಳಲ್ಲಿ ಶಿಕ್ಷಣದ ಮಾತು ಬಂದರೆ ಅದು ಬೇಗನೆ ವಿಶ್ವವಿದ್ಯಾಲಯಗಳ ಅಂಗಳಕ್ಕೆ ಹೋಗಿ ನಿಲ್ಲುತ್ತದೆ. ಯಾವ ಪ್ರಾಧ್ಯಾಪಕರನ್ನು ತೆಗೆದುಹಾಕಿದರು, ಯಾವ ಪುಸ್ತಕವನ್ನು ಗ್ರಂಥಾಲಯದಿಂದ ಕಿತ್ತರು ಎಂಬುದನ್ನೆಲ್ಲ ನಾವು ಬಲ್ಲೆವು. ಒಂದನೆಯ ತರಗತಿಯನ್ನು ಮಾತ್ರ ಬಣ್ಣದ ಬಳಪ, ಅಂಟು, ಕತ್ತರಿಗಳ ಲೋಕವೆಂದು ಬಿಟ್ಟುಬಿಡುತ್ತೇವೆ. ಆದರೆ ಅಮೆರಿಕದ ಕ್ರೈಸ್ತ ಬಲಪಂಥವು ಐವತ್ತು ವರ್ಷಗಳಿಂದ ಅತ್ಯಂತ ತಾಳ್ಮೆಯಿಂದ ದುಡಿದಿರುವುದು ಆ ಬಣ್ಣದ ಬಳಪಗಳ ನಡುವೆಯೇ.

ಇದು ನಮಗೇಕೆ ಸಂಬಂಧಪಟ್ಟದ್ದು ಎಂದು ನೀವು ಕೇಳಬಹುದು. ಉಪನಗರಗಳಲ್ಲಿ ನೆಲೆಸಿದ ನಮ್ಮವರಲ್ಲಿ ಕೆಲವರ ಮಕ್ಕಳು ಈ ಶಾಲೆಗಳಿಗೆ ಹೋಗುತ್ತಿದ್ದಾರೆ. ಕಾರಣಗಳು ಸರಳ ಮತ್ತು ಪ್ರಾಮಾಣಿಕ. ತರಗತಿ ಸಣ್ಣದು, ಬೆಳಿಗ್ಗೆ ಏಳಕ್ಕೆ ಬಿಟ್ಟು ಸಂಜೆ ಆರಕ್ಕೆ ಕರೆತರಬಹುದು, ಶಿಸ್ತಿದೆ, ಸಮವಸ್ತ್ರವಿದೆ. ‘ಕಾನ್ವೆಂಟ್’ ಎಂಬ ಪದ ಹುಟ್ಟಿಸುವ ಹಳೆಯ ಗೌರವವೂ ಸೇರಿಕೊಂಡಿದೆ. ಮೈಸೂರಿನಲ್ಲೋ ಮಂಗಳೂರಿನಲ್ಲೋ ಸಿಸ್ಟರುಗಳ ಕೈಕೆಳಗೆ ಕಲಿತ ತಾಯಂದಿರು ಇಲ್ಲಿ ಶಿಲುಬೆಯಿರುವ ಶಾಲೆಯ ಫಲಕ ಕಂಡಾಗ ತಮ್ಮ ಶಾಲೆಯನ್ನೇ ಕಂಡಂತೆ ಒಳಗೆ ಹೋಗುತ್ತಾರೆ. ಅವೆರಡೂ ಒಂದೇ ಅಲ್ಲ ಎಂಬುದನ್ನು ವಿವರವಾಗಿ ಹೇಳಬೇಕಾಗಿದೆ.

ಮೊದಲಿಗೆ ಒಂದು ಎಚ್ಚರಿಕೆ. ಅಮೆರಿಕದಲ್ಲಿ ‘ಕ್ರೈಸ್ತ ಶಾಲೆ’ ಎಂಬ ಒಂದು ವಸ್ತುವಿಲ್ಲ. ಕ್ವೇಕರ್ ಶಾಲೆಯಲ್ಲಿ ಮಕ್ಕಳು ವಾರಕ್ಕೊಮ್ಮೆ ಮೌನವಾಗಿ ಒಟ್ಟಿಗೆ ಕೂರುತ್ತಾರೆ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ಹೇಳುತ್ತಾರೆ. ಕ್ಯಾಥೊಲಿಕ್ ಶಾಲೆಯ ಒಂದನೆಯ ತರಗತಿಯಲ್ಲಿ ಶಿಲುಬೆಯ ಗುರುತು ಹಾಕುವುದನ್ನು, ನಿತ್ಯದ ಪ್ರಾರ್ಥನೆಗಳನ್ನು, ಸಂತರ ಕಥೆಗಳನ್ನು ಕಲಿಸುತ್ತಾರೆ. ಮರುವರ್ಷದ ಪ್ರಥಮ ಪರಮಪ್ರಸಾದಕ್ಕೆ ಅದು ಪೂರ್ವಸಿದ್ಧತೆ. ಜೀವವಿಕಾಸವಾದದೊಂದಿಗೆ ರೋಮ್ ಜಗಳಕ್ಕೆ ನಿಂತಿಲ್ಲ. 1996ರಲ್ಲಿ ಎರಡನೆಯ ಜಾನ್ ಪಾಲ್ ಅದನ್ನು ಕೇವಲ ಊಹೆಗಿಂತ ಮಿಗಿಲಾದದ್ದೆಂದು ಒಪ್ಪಿದರು. ನಾನಿಂದು ಹೇಳುವ ಮಾತು ಮುಖ್ಯವಾಗಿ ಬೈಬಲಿನ ಅಕ್ಷರ ಅಕ್ಷರವನ್ನೂ ಇತಿಹಾಸವೆಂದೇ ಓದುವ ಪ್ರಾಟೆಸ್ಟಂಟ್ ಶಾಲೆಗಳನ್ನು ಕುರಿತದ್ದು. ಇವುಗಳಲ್ಲಿ ಬಳಕೆಯಾಗುವ ಪಠ್ಯಗಳಲ್ಲಿ ಬಹುಪಾಲು ಮೂರು ಮೂಲಗಳಿಂದ ಬರುತ್ತವೆ. ಫ್ಲಾರಿಡಾದ ಪೆನ್ಸಕೋಲದ ಕ್ರೈಸ್ತ ಕಾಲೇಜಿನ ಬಳಗಕ್ಕೆ ಸೇರಿದ, 1972ರಲ್ಲಿ ಹುಟ್ಟಿದ ಅಬೇಕಾ. ದಕ್ಷಿಣ ಕ್ಯಾರೊಲಿನಾದ ಬಾಬ್ ಜೋನ್ಸ್ ವಿಶ್ವವಿದ್ಯಾಲಯದ ಮುದ್ರಣಾಲಯ. 1970ರಲ್ಲಿ ಟೆಕ್ಸಸ್‌ನಲ್ಲಿ ಆರಂಭವಾದ ಆಕ್ಸಲರೇಟೆಡ್ ಕ್ರಿಶ್ಚಿಯನ್ ಎಜುಕೇಷನ್. ಪರಿಚಿತರ ಮನೆಗಳಲ್ಲಿ ಮಕ್ಕಳ ಚೀಲದಿಂದ ಹೊರಬಂದ ಇಂಥ ಪುಸ್ತಕಗಳನ್ನು ನಾನು ಕೂತು ಓದಿದ್ದೇನೆ.

ದಿನ ಶುರುವಾಗುವುದು ಪ್ರತಿಜ್ಞೆಗಳಿಂದ. ಸರ್ಕಾರಿ ಶಾಲೆಯಲ್ಲಿ ಒಂದು ಪ್ರತಿಜ್ಞೆಯಿದ್ದರೆ ಇಲ್ಲಿನ ಅನೇಕ ಶಾಲೆಗಳಲ್ಲಿ ಮೂರಿವೆ: ರಾಷ್ಟ್ರಧ್ವಜಕ್ಕೆ ಒಂದು, ಬಿಳಿಯ ಬಟ್ಟೆಯ ಮೂಲೆಯ ನೀಲಿ ಚೌಕದಲ್ಲಿ ಕೆಂಪು ಶಿಲುಬೆಯಿರುವ ಕ್ರೈಸ್ತ ಧ್ವಜಕ್ಕೆ ಒಂದು, ಬೈಬಲಿಗೆ ಒಂದು. ಮೂರನ್ನೂ ಎದೆಯ ಮೇಲೆ ಕೈಯಿಟ್ಟು ಒಂದೇ ಉಸಿರಿನಲ್ಲಿ ಹೇಳುವ ಮಗುವಿಗೆ ದೇಶ, ಧರ್ಮ, ಗ್ರಂಥ ಎಂಬ ಮೂರು ಬೇರೆಬೇರೆ ವಸ್ತುಗಳಿವೆ ಎಂದು ಮುಂದೆ ಯಾರು ಹೇಳಿಕೊಡಬೇಕು? ಇಲ್ಲೊಂದು ಕಾನೂನಿನ ಸೂಕ್ಷ್ಮವಿದೆ. ಧ್ವಜವಂದನೆಗೆ ಯಾವ ಮಗುವನ್ನೂ ಬಲವಂತ ಮಾಡುವಂತಿಲ್ಲವೆಂದು ಇಲ್ಲಿನ ಸರ್ವೋಚ್ಚ ನ್ಯಾಯಾಲಯ 1943ರಲ್ಲಿಯೇ ತೀರ್ಪಿತ್ತಿದೆ. ಯೆಹೋವನ ಸಾಕ್ಷಿಗಳ ಪಂಥದ ಮಕ್ಕಳ ಪ್ರಕರಣವದು. ಆ ರಕ್ಷಣೆ ಸರ್ಕಾರದ ವಿರುದ್ಧ ಮಾತ್ರ. ಖಾಸಗಿ ಶಾಲೆಯ ಬಾಗಿಲು ದಾಟಿದೊಡನೆ ಮಗು ಆ ಸಂವಿಧಾನದ ನೆರಳಿನಿಂದ ಹೊರಗೆ ಬಂದಿರುತ್ತದೆ.

ಆಮೇಲೆ ಓದು. ಇಲ್ಲಿ ನ್ಯಾಯವಾಗಿ ಮಾತನಾಡಬೇಕು: ಓದನ್ನು ಇವರು ಚೆನ್ನಾಗಿ ಕಲಿಸುತ್ತಾರೆ. ಅಮೆರಿಕದ ಎಷ್ಟೋ ಸರ್ಕಾರಿ ಶಾಲೆಗಳು ಚಿತ್ರ ನೋಡಿ ಪದವನ್ನು ಊಹಿಸು ಎಂದು ಮಕ್ಕಳಿಗೆ ಹೇಳುತ್ತ ಕಾಲ ಕಳೆದಾಗ ಅಬೇಕಾ ಪುಸ್ತಕಗಳು ಅಕ್ಷರ, ಧ್ವನಿ, ಕೂಡುಧ್ವನಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುತ್ತ ಬಂದವು. ನಮ್ಮ ಕಾಗುಣಿತದ ತಿದ್ದುವಿಕೆಯಲ್ಲಿ ಬೆಳೆದವರಿಗೆ ಇದು ಇಷ್ಟವಾಗುವುದು ಸಹಜ. ಆದರೆ ಓದುವ ಪಾಠದ ಕೊನೆಗೆ ಬರುವ ವಾಕ್ಯ ನಾಯಿ, ಬೆಕ್ಕು, ಚೆಂಡುಗಳಿಂದ ಹೊರಟು ಪಾಪ, ವಿಧೇಯತೆ, ರಕ್ಷಣೆಗಳಿಗೆ ಬಂದು ಸೇರುತ್ತದೆ. ಇದು ಇಂದಿನ ಉಪಾಯವಲ್ಲ. 1690ರ ಸುಮಾರಿಗೆ ಬಾಸ್ಟನ್ನಿನಲ್ಲಿ ಅಚ್ಚಾದ ನ್ಯೂ ಇಂಗ್ಲೆಂಡ್ ಪ್ರೈಮರ್ ಎಂಬ ಬಾಲಪಾಠದಲ್ಲಿ ಮೊದಲ ಅಕ್ಷರವನ್ನೇ ಆದಾಮನ ಪತನದಿಂದ ಕಲಿಸುತ್ತಿದ್ದರು. ಅದಕ್ಕೂ ಮುಂಚೆ 1647ರಲ್ಲಿ ಮ್ಯಾಸಚೂಸೆಟ್ಸ್ ವಸಾಹತು ಊರೂರಿಗೆ ಶಾಲೆ ಬೇಕೆಂದು ಕಾನೂನು ಮಾಡಿದ್ದು ಮಕ್ಕಳು ಬೈಬಲ್ ಓದದಂತೆ ಸೈತಾನ ಮೋಸಮಾಡುತ್ತಾನೆಂಬ ಭಯದಿಂದ. ಈ ದೇಶದ ಸಾಕ್ಷರತೆ ಸೈತಾನನಿಗೆ ಋಣಿಯಾಗಿದೆ ಎಂದರೆ ತಪ್ಪಾಗಲಾರದು.

ಬೈಬಲ್ ಅವಧಿ ಪ್ರತ್ಯೇಕವಾಗಿ ಇದೆ. ನೋಹನ ನಾವೆ, ದಾವೀದ ಗೊಲ್ಯಾತರು, ಸಿಂಹದ ಗವಿಯ ದಾನಿಯೇಲ: ಇವು ಅದ್ಭುತವಾದ ಕಥೆಗಳು, ನನ್ನ ಮಕ್ಕಳೂ ಕೇಳಲಿ. ಪ್ರಾಣಿಗಳು ಎರಡೆರಡಾಗಿ ನಾವೆಯೊಳಗೆ ಹೋಗುತ್ತವೆ. ಅದರಿಂದಲೇ ಎರಡರ ಮಗ್ಗಿಯನ್ನೂ ಕಲಿಸಬಹುದು. ನೀರಿನಲ್ಲಿ ಮುಳುಗಿದವರ ಲೆಕ್ಕ ಯಾವ ಗಣಿತದ ಪುಟದಲ್ಲಿಯೂ ಬರುವುದಿಲ್ಲ. ವಾರಕ್ಕೊಂದು ವಚನ ಬಾಯಿಪಾಠ. ತಂದೆತಾಯಿಯರಿಗೆ ವಿಧೇಯರಾಗಿರಿ ಎನ್ನುವ ಎಫೆಸದವರಿಗೆ ಬರೆದ ಪತ್ರದ ವಚನ ಎಲ್ಲ ಕಡೆಯೂ ಇದೆ, ನಮ್ಮ ತಂದೆತಾಯಂದಿರು ಅದನ್ನು ಕೇಳಿ ಸಂತೋಷಪಡುತ್ತಾರೆ. ಆಮೇಲೆ ಹತ್ತು ಆಜ್ಞೆಗಳು ಬರುತ್ತವೆ. ವಿಗ್ರಹ ಮಾಡಬಾರದು, ಅಡ್ಡಬೀಳಬಾರದು ಎಂಬ ಆಜ್ಞೆಯನ್ನು ಮಗು ಹೇಳಿಕೊಂಡು ಮನೆಗೆ ಬರುತ್ತದೆ, ಮನೆಯ ದೇವರ ಗೂಡಿನಲ್ಲಿ ಗಣಪತಿ ಕೂತಿರುತ್ತಾನೆ.

ನಾನು ದೇವರ ಗೂಡಿನ ವಕೀಲನಲ್ಲವೆಂಬುದು ನಿಮಗೆ ಗೊತ್ತು. ಮಗು ವಿಗ್ರಹವನ್ನು ಪ್ರಶ್ನಿಸುವುದಾದರೆ ನಮ್ಮ ವಚನಕಾರರ ನಾಡಿನವರಿಗೆ ಅದರಲ್ಲಿ ಹೆದರುವುದೇನೂ ಇಲ್ಲ. ಆದರೆ ಇದು ಪ್ರಶ್ನೆಯಲ್ಲ. ಹಾಸನದ ಕಡೆಯ ಗೆಳೆಯರೊಬ್ಬರ ಮಗಳು ವೀಡಿಯೊ ಕರೆಯಲ್ಲಿ ಊರಿನ ಅಜ್ಜಿಯನ್ನು, “ಅಜ್ಜಿ, ನೀನು ಯೇಸುವನ್ನ ನಂಬ್ತೀಯಾ?” ಎಂದು ಕೇಳಿದಳು. ಅಜ್ಜಿ ನಗುತ್ತ, “ನಂಬ್ತೀನಿ ಕಣೇ ಪುಟ್ಟಿ, ನಮ್ ಗೂಡಲ್ಲಿ ಅವನಿಗೂ ಜಾಗ ಐತೆ, ಬಾ ಅನ್ನು” ಎಂದರು. ಬಹುದೇವತೆಗಳ ನಡುವೆ ಬಾಳಿದವರ ಉದಾರ ಉತ್ತರ ಅದು. ಮಗು ಅಳಲಾರಂಭಿಸಿತು. ಹಾಗೆ ಸೇರಿಸಿಕೊಳ್ಳುವಂತಿಲ್ಲ, ಒಬ್ಬನನ್ನೇ ನಂಬಬೇಕು, ಇಲ್ಲವಾದರೆ ಅಜ್ಜಿ ಸ್ವರ್ಗಕ್ಕೆ ಬರುವುದಿಲ್ಲ ಎಂದು ಅದು ಕಲಿತಿತ್ತು. ಆರು ವರ್ಷದ ಮನಸ್ಸಿಗೆ ರೂಪಕ, ಪಂಥಭೇದ, ವ್ಯಾಖ್ಯಾನ ಎಂಬ ದಾರಿಗಳು ತೆರೆದಿರುವುದಿಲ್ಲ. ‘ಕ್ಯಾಟ್’ ಎಂಬ ಪದದ ಮೊದಲ ಧ್ವನಿ ಯಾವುದೆಂದು ಹೇಳಿಕೊಟ್ಟ ಅದೇ ಟೀಚರ್, ಅದೇ ಪ್ರೀತಿಯ ದನಿಯಲ್ಲಿ, ಅದೇ ಬೆಳಿಗ್ಗೆ, ನರಕದ ಸುದ್ದಿಯನ್ನೂ ಹೇಳಿದ್ದಾರೆ. ಮೊದಲನೆಯದು ನಿಜವಾದರೆ ಎರಡನೆಯದೂ ನಿಜವೇ.

ವಿಜ್ಞಾನದ ವಿಷಯಕ್ಕೆ ಬರೋಣ. ಅಬೇಕಾದ ಒಂದನೆಯ ತರಗತಿಯ ವಿಜ್ಞಾನದ ಪುಸ್ತಕದ ಹೆಸರೇ ದೇವರ ಲೋಕವನ್ನು ಕಂಡುಕೊಳ್ಳುವುದು ಎಂಬರ್ಥದ್ದು. ಋತುಗಳು, ಪಂಚೇಂದ್ರಿಯಗಳು, ಪ್ರಾಣಿಗಳು, ಗಿಡಗಳು ಎಂಬ ವಿಷಯಗಳು ಎಲ್ಲ ಕಡೆಯಂತೆಯೇ ಇವೆ. ಏಕೆ ಎಂಬ ಪ್ರಶ್ನೆಗೆ ಮಾತ್ರ ಒಂದೇ ಉತ್ತರ: ದೇವರು ಹಾಗೆ ಮಾಡಿದನು. ಸೃಷ್ಟಿಯ ಏಳು ದಿನಗಳನ್ನು ಇಂಥ ಶಾಲೆಗಳಲ್ಲಿ ಮಕ್ಕಳು ಬಣ್ಣದ ಕಾಗದ ಕತ್ತರಿಸಿ ಅಂಟಿಸಿ ಕಲಿಯುತ್ತಾರೆ. ಆದಿಕಾಂಡದ ಪ್ರಕಾರ ಮೂರನೆಯ ದಿನ ಗಿಡಮರಗಳು, ನಾಲ್ಕನೆಯ ದಿನ ಸೂರ್ಯ. ಕಿಟಕಿಯಲ್ಲಿಟ್ಟ ಅವರೆಬೀಜ ಮೊಳೆತು ಬಿಸಿಲಿನ ಕಡೆಗೆ ಬಾಗುವುದನ್ನು ನೋಡಿದ ಮಗುವಿಗೆ ಇಲ್ಲೊಂದು ಸಂದೇಹ ಹುಟ್ಟಲೇಬೇಕು. ಒಳ್ಳೆಯ ಶಾಲೆಯೆಂದರೆ ಆ ಸಂದೇಹ ಹುಟ್ಟಿದ ದಿನ ಹಬ್ಬ ಮಾಡುವ ಶಾಲೆ. ಇಲ್ಲಿ ಅದಕ್ಕೆ ಸಿದ್ಧ ಉತ್ತರವಿದೆ: ಮೂರು ದಿನ ದೇವರೇ ಬೆಳಕಾಗಿದ್ದನು.

ಇನ್ನೊಂದು ಪಾಠ ನನ್ನನ್ನು ಹೆಚ್ಚು ಕಾಡಿದ್ದು. ಅಕ್ಷರವಿಲ್ಲದ ಪುಸ್ತಕ ಎಂಬುದೊಂದಿದೆ. ಲಂಡನ್ನಿನ ಬೋಧಕ ಸ್ಪರ್ಜನ್ 1866ರಲ್ಲಿ ಅದರ ಮೇಲೆ ಪ್ರವಚನ ಮಾಡಿದ್ದರಿಂದ ಪ್ರಸಿದ್ಧವಾಯಿತು. ಅದರಲ್ಲಿ ಬಣ್ಣದ ಪುಟಗಳು ಮಾತ್ರ. ಕಪ್ಪು ಪುಟ ಪಾಪ, ಕೆಂಪು ಪುಟ ಯೇಸುವಿನ ರಕ್ತ, ಬಿಳಿಯ ಪುಟ ತೊಳೆದ ಹೃದಯ. ಆಮೇಲೆ ಸ್ವರ್ಗಕ್ಕೆ ಬಂಗಾರದ ಪುಟವೂ ಸೇರಿತು. ಓದು ಬಾರದ ಮಕ್ಕಳಿಗಾಗಿ, ವಸಾಹತುಗಳ ‘ಕಪ್ಪು ಜನ’ರಿಗಾಗಿ ಇದನ್ನು ಲೋಕದ ತುಂಬ ಹೊತ್ತು ತಿರುಗಿದರು. ಈಗ ಕಪ್ಪು ಎನ್ನುವ ಬದಲು ಕತ್ತಲೆ ಎನ್ನುವವರಿದ್ದಾರೆ. ಪುಟದ ಬಣ್ಣ ಬದಲಾಗಿಲ್ಲ. ನಮ್ಮ ಕರಿಯ ಮಕ್ಕಳು, ಅಮೆರಿಕದ ಕಪ್ಪು ಮಕ್ಕಳು, ಬಣ್ಣದ ಅರ್ಥವನ್ನು ಮೊದಲ ಬಾರಿಗೆ ಕಲಿಯುವ ವಯಸ್ಸಿನಲ್ಲಿ ಈ ಪುಟಗಳನ್ನು ತಿರುವುತ್ತಾರೆ. ಇದು ಕ್ರೈಸ್ತ ಶಾಲೆಗಳಿಗಷ್ಟೇ ಸೀಮಿತವೂ ಅಲ್ಲ. ಶಾಲೆ ಬಿಟ್ಟ ನಂತರ ಸರ್ಕಾರಿ ಶಾಲೆಯ ಕೊಠಡಿಗಳಲ್ಲಿಯೇ ಮಕ್ಕಳ ಸುವಾರ್ತಾ ಕ್ಲಬ್ಬುಗಳು ನಡೆಯಬಹುದೆಂದು ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ಅನುಮತಿ ಕೊಟ್ಟಿದೆ.

ಬಣ್ಣದ ಮಾತು ಬಂದ ಮೇಲೆ ಇತಿಹಾಸವನ್ನು ತಪ್ಪಿಸಿಕೊಳ್ಳುವಂತಿಲ್ಲ. ಶಾಲೆಗಳಿಂದ ದೇವರನ್ನು ಓಡಿಸಿದ್ದರಿಂದ ನಾವು ನಮ್ಮ ಶಾಲೆ ಕಟ್ಟಿಕೊಂಡೆವು ಎಂಬುದು ಈ ಚಳವಳಿಯ ಸ್ವಂತ ಕಥನ. ಅದರಲ್ಲಿ ಸ್ವಲ್ಪ ಸತ್ಯವಿದೆ. 1962 ಮತ್ತು 1963ರ ತೀರ್ಪುಗಳು ಸರ್ಕಾರಿ ಶಾಲೆಗಳಲ್ಲಿ ಅಧಿಕೃತ ಪ್ರಾರ್ಥನೆಯನ್ನೂ ಬೈಬಲ್ ಪಠಣವನ್ನೂ ನಿಲ್ಲಿಸಿದವು. ಆದರೆ ಅದಕ್ಕೂ ಮುಂಚೆ 1954ರ ತೀರ್ಪೊಂದಿತ್ತು: ಕಪ್ಪು ಮಕ್ಕಳನ್ನು ಬಿಳಿಯ ಮಕ್ಕಳಿಂದ ಬೇರೆ ಕೂರಿಸುವಂತಿಲ್ಲ ಎಂಬುದು. ಅದು ನಿಜವಾಗಿ ಜಾರಿಗೆ ಬರತೊಡಗಿದಾಗ ದಕ್ಷಿಣದಲ್ಲಿ ಬಿಳಿಯರ ಖಾಸಗಿ ಅಕಾಡೆಮಿಗಳು ಅಣಬೆಗಳಂತೆ ಎದ್ದವು, ಅವುಗಳಲ್ಲಿ ಬಹಳಷ್ಟು ಚರ್ಚಿನ ಹೆಸರಿನಲ್ಲಿ. ಬಾಬ್ ಜೋನ್ಸ್ ವಿಶ್ವವಿದ್ಯಾಲಯ 1971ರ ತನಕ ಕಪ್ಪು ವಿದ್ಯಾರ್ಥಿಗಳನ್ನೇ ಸೇರಿಸಿಕೊಳ್ಳಲಿಲ್ಲ. ಆಮೇಲೆ ಸೇರಿಸಿಕೊಂಡಾಗ ಬಿಳಿಯ ಕಪ್ಪು ವಿದ್ಯಾರ್ಥಿಗಳು ಪ್ರೇಮಿಸಬಾರದೆಂದು ನಿಯಮ ಮಾಡಿತು, ಅದಕ್ಕೂ ಬೈಬಲ್ ಆಧಾರ ತೋರಿಸಿತು. 1983ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದರ ತೆರಿಗೆ ವಿನಾಯಿತಿ ರದ್ದಾದದ್ದನ್ನು ಎತ್ತಿಹಿಡಿಯಿತು. ನಿಯಮವನ್ನು ಕೈಬಿಟ್ಟದ್ದು 2000ದಲ್ಲಿ. ಜಾತಿ ಬಲ್ಲ ನಮಗೆ ಈ ನಿಯಮದ ವಾಸನೆ ಹೊಸದಲ್ಲ. ಇದೇ ಸಂಸ್ಥೆಯ ಮುದ್ರಣಾಲಯದ ಪುಸ್ತಕಗಳನ್ನು ಇಂದು ಕಂದು ಬಣ್ಣದ ಮಕ್ಕಳೂ ಓದುತ್ತಿದ್ದಾರೆ. ಪುಸ್ತಕಗಳು ಪರಿಷ್ಕಾರಗೊಂಡಿವೆ, ಚಿತ್ರಗಳಲ್ಲಿ ಈಗ ಎಲ್ಲ ಬಣ್ಣದ ಮಕ್ಕಳಿದ್ದಾರೆ ಎಂಬುದನ್ನೂ ಹೇಳಬೇಕು.

ಆದರೂ ಖಾಸಗಿ ಧಾರ್ಮಿಕ ಶಾಲೆಗಳನ್ನೇ ಮುಚ್ಚಬೇಕು ಎನ್ನುವ ಗೆಳೆಯರ ಜೊತೆ ನಾನಿಲ್ಲ. ಏಕೆಂದು ಹೇಳುತ್ತೇನೆ. 1844ರಲ್ಲಿ ಫಿಲಡೆಲ್ಫಿಯಾದಲ್ಲಿ ಗಲಭೆ ನಡೆದು ಕ್ಯಾಥೊಲಿಕ್ ಇಗರ್ಜಿಗಳಿಗೆ ಬೆಂಕಿ ಬಿತ್ತು. ಐರಿಶ್ ವಲಸಿಗರ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಪ್ರಾಟೆಸ್ಟಂಟ್ ಬೈಬಲ್ ಬದಲು ತಮ್ಮದನ್ನು ಓದಬಹುದೇ ಎಂಬ ಪ್ರಶ್ನೆ ಆ ಬೆಂಕಿಗೆ ಕಿಡಿಯಾಗಿತ್ತು. ಅಂದಿನ ‘ಸರ್ವಸಾಮಾನ್ಯ’ ಶಾಲೆ ಬಹುಸಂಖ್ಯಾತರ ಪಂಥದ ಶಾಲೆಯಾಗಿತ್ತು. ಆ ಅಪಮಾನದಿಂದ ತಪ್ಪಿಸಿಕೊಳ್ಳಲೆಂದೇ ವಲಸಿಗರು ತಮ್ಮ ಕಾಸು ಕೂಡಿಸಿ ಕ್ಯಾಥೊಲಿಕ್ ಶಾಲೆಗಳ ಜಾಲ ಕಟ್ಟಿದರು. 1922ರಲ್ಲಿ ಒರೆಗಾನ್ ರಾಜ್ಯ ಎಲ್ಲ ಮಕ್ಕಳೂ ಸರ್ಕಾರಿ ಶಾಲೆಗೇ ಹೋಗಬೇಕೆಂದು ಕಾನೂನು ಮಾಡಿದಾಗ ಅದರ ಹಿಂದೆ ನಿಂತಿದ್ದವರಲ್ಲಿ ಕು ಕ್ಲಕ್ಸ್ ಕ್ಲಾನ್ ಪ್ರಮುಖ. 1925ರಲ್ಲಿ ಅದನ್ನು ನ್ಯಾಯಾಲಯದಲ್ಲಿ ಸೋಲಿಸಿದವರಲ್ಲಿ ಶಾಲೆ ನಡೆಸುತ್ತಿದ್ದ ಸಿಸ್ಟರುಗಳು ಸೇರಿದ್ದರು. ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಯ ಹಕ್ಕು ಬೇಕು. ಅದನ್ನು ಕರ್ನಾಟಕದಲ್ಲಿ ಒಪ್ಪಿ ಇಲ್ಲಿ ನಿರಾಕರಿಸುವುದಾಗಲಿ, ಇಲ್ಲಿ ಒಪ್ಪಿ ಅಲ್ಲಿ ನಿರಾಕರಿಸುವುದಾಗಲಿ ನನ್ನಿಂದಾಗದು.

ನಮ್ಮ ಕಡೆಯ ಇತಿಹಾಸವೂ ಇದನ್ನೇ ಹೇಳುತ್ತದೆ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಯಲ್ಲಿ ಮಹಾರ್ ಸಮುದಾಯದ ಹುಡುಗನೊಬ್ಬ ಪ್ರವೇಶ ಕೇಳಿದ, ಸಿಗಲಿಲ್ಲ. ಒಬ್ಬನನ್ನು ಸೇರಿಸಿಕೊಂಡರೆ ಶಾಲೆ ಮಿಕ್ಕವರಿಗೆ ನಿರುಪಯೋಗಿಯಾದೀತೆಂದು ಮುಂಬೈ ಸರ್ಕಾರ ಸಮಜಾಯಿಷಿ ಕೊಟ್ಟಿತು. ಅಂಥ ಕಾಲದಲ್ಲಿ, 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ ಶಾಲೆಗಳನ್ನು ತೆರೆಯಿತು, ಅಚ್ಚುಕೂಟ ಸ್ಥಾಪಿಸಿತು; ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಹೊರತಂದರು, ಕಿಟ್ಟೆಲ್ ನಿಘಂಟು 1894ರಲ್ಲಿ ಬಂತು. ಅವರ ಉದ್ದೇಶ ಮತಪ್ರಚಾರವೇ. ಆದರೂ ಊರಿನ ಶಾಲೆ ಮುಚ್ಚಿದ್ದ ಬಾಗಿಲನ್ನು ಅನೇಕ ಕಡೆ ಮಿಷನ್ ಶಾಲೆ ತೆರೆಯಿತು. ಸ್ವತಂತ್ರ ಭಾರತದ ಸಂವಿಧಾನ ಈ ಅನುಭವದಿಂದ ಒಂದು ಸೊಗಸಾದ ಸೂತ್ರ ರೂಪಿಸಿತು. 30ನೆಯ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ನಡೆಸುವ ಹಕ್ಕು ಕೊಡುತ್ತದೆ. 28ನೆಯ ವಿಧಿಯ ಮೂರನೆಯ ಉಪವಿಧಿ, ಸರ್ಕಾರದ ಮಾನ್ಯತೆಯನ್ನೋ ಹಣವನ್ನೋ ಪಡೆದ ಶಾಲೆಯಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಧರ್ಮಬೋಧೆಗೆ ಕೂರಿಸಬಾರದು, ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ನಮ್ಮ ಎಷ್ಟೋ ಕಾನ್ವೆಂಟುಗಳಲ್ಲಿ ಕ್ಯಾಥೊಲಿಕ್ ಮಕ್ಕಳು ಧರ್ಮೋಪದೇಶಕ್ಕೆ ಹೋದಾಗ ಉಳಿದವರು ‘ಮಾರಲ್ ಸೈನ್ಸ್’ ಓದುತ್ತಿದ್ದುದು ನಿಮಗೆ ನೆನಪಿರಬೇಕು. ಬಹಳ ಬೇಸರದ ಅವಧಿ ಅದು. ಈಗ ನೋಡಿದರೆ ಎಷ್ಟು ನಾಗರಿಕ ಏರ್ಪಾಡಾಗಿತ್ತು ಅನಿಸುತ್ತದೆ! ಅಮೆರಿಕದ ಇವಾಂಜೆಲಿಕಲ್ ಶಾಲೆಯಲ್ಲಿ ಸಾಮಾನ್ಯವಾಗಿ ಆ ಎರಡನೆಯ ಕೊಠಡಿ ಇಲ್ಲ. ಗಣಿತದಿಂದ ಹಿಡಿದು ಶಿಷ್ಟಾಚಾರದವರೆಗೆ ಎಲ್ಲವೂ ಧರ್ಮೋಪದೇಶವೇ. ಅದನ್ನವರು ಮುಚ್ಚಿಡುವುದೂ ಇಲ್ಲ. ಕೈಪಿಡಿಯಲ್ಲಿ ನಂಬಿಕೆಯ ಹೇಳಿಕೆಯಿರುತ್ತದೆ, ಪೋಷಕರು ಸಹಿ ಹಾಕಿರುತ್ತಾರೆ.

ಆ ಸಹಿಯ ಬಗ್ಗೆ ಒಂದು ಮಾತು. 2022ರಲ್ಲಿ ಬೆಂಗಳೂರಿನ ಕ್ರೈಸ್ತ ಶಾಲೆಯೊಂದರ ಪ್ರವೇಶಪತ್ರದಲ್ಲಿ ಮಗು ಬೈಬಲ್ ತರುವುದಕ್ಕೆ ಪೋಷಕರ ಆಕ್ಷೇಪವಿಲ್ಲ ಎಂಬ ಸಾಲಿದ್ದುದು ದೊಡ್ಡ ವಿವಾದವಾಯಿತು. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಅಂದು ಮತಾಂತರದ ಪಿತೂರಿಯೆಂದು ಕೂಗಿದವರಲ್ಲಿ, ಇಲ್ಲಿ ಅದಕ್ಕಿಂತ ಹತ್ತು ಪಟ್ಟು ಕಟುವಾದ ಕರಾರಿಗೆ ಸಹಿ ಹಾಕಿ ಶುಲ್ಕ ಕಟ್ಟುವವರಿದ್ದರು. ಅದೇ ವರ್ಷ, ಅದೇ ಕರ್ನಾಟಕದಲ್ಲಿ, ತಲೆಯ ಮೇಲಿನ ಬಟ್ಟೆಗಾಗಿ ಹುಡುಗಿಯರನ್ನು ಕಾಲೇಜಿನ ಗೇಟಿನ ಹೊರಗೆ ನಿಲ್ಲಿಸಿದರು. ಗುಜರಾತಿನಲ್ಲಿ ಆರನೆಯ ತರಗತಿಯಿಂದ ಭಗವದ್ಗೀತೆಯನ್ನು ಕಲಿಸುವುದಾಗಿ ಸರ್ಕಾರ ಘೋಷಿಸಿತು. ಬಹುಸಂಖ್ಯಾತನಾಗಿರುವಲ್ಲಿ ಗ್ರಂಥವನ್ನು ಶಾಲೆಗೆ ತರುವುದು, ಅಲ್ಪಸಂಖ್ಯಾತನಾಗಿರುವಲ್ಲಿ ಮೌನವಾಗಿ ಸಹಿ ಹಾಕುವುದು: ಅನಿವಾಸಿ ಹಿಂದುತ್ವದ ಈ ಎರಡು ಮುಖಗಳ ನಡುವೆ ಆರು ವರ್ಷದ ಮಗು ನಿಂತಿದೆ.

ಈಗ ಹಣದ ಮಾತು. ಇದುವರೆಗೆ ಈ ಶಾಲೆಗಳು ಪೋಷಕರ ಶುಲ್ಕ ಮತ್ತು ಚರ್ಚಿನ ಕಾಣಿಕೆಯಿಂದ ನಡೆಯುತ್ತಿದ್ದವು. ಅದು ಅವರ ಖಾಸಗಿ ವಿಷಯವೆನ್ನಬಹುದಿತ್ತು. 2002ರಲ್ಲಿ ಓಹಾಯೋದ ವೋಚರ್ ಯೋಜನೆಗೆ ನ್ಯಾಯಾಲಯದ ಒಪ್ಪಿಗೆ ಸಿಕ್ಕಿತು. 2020ರ ಮೊಂಟಾನಾ ತೀರ್ಪು, 2022ರ ಮೇಯ್ನ್ ತೀರ್ಪುಗಳಿಂದ ಪರಿಸ್ಥಿತಿ ತಿರುಗಿಬಿತ್ತು: ಖಾಸಗಿ ಶಾಲೆಗಳಿಗೆ ಹಣ ಕೊಡುವ ರಾಜ್ಯ ಧಾರ್ಮಿಕ ಶಾಲೆಗಳನ್ನು ಹೊರಗಿಡುವಂತಿಲ್ಲ. ಅರಿಜೋನಾ 2022ರಲ್ಲಿ, ಫ್ಲಾರಿಡಾ 2023ರಲ್ಲಿ ಈ ಹಣವನ್ನು ಎಲ್ಲ ಆದಾಯದವರಿಗೂ ತೆರೆದವು. ಟೆಕ್ಸಸ್ 2025ರಲ್ಲಿ 100 ಕೋಟಿ ಡಾಲರಿನ ಯೋಜನೆಗೆ ಸಹಿ ಹಾಕಿತು. ಭಾರತದ 28ನೆಯ ವಿಧಿಯಂಥ ಕರಾರು ಈ ಹಣಕ್ಕೆ ಅಂಟಿಕೊಂಡಿಲ್ಲ. ಅಂದರೆ ಅಜ್ಜಿ ನರಕಕ್ಕೆ ಹೋಗುತ್ತಾಳೆಂಬ ಪಾಠಕ್ಕೆ ನಾನೂ ನೀವೂ ತೆರಿಗೆ ಕಟ್ಟುತ್ತೇವೆ, ಆ ಪಾಠದ ಪುಸ್ತಕವನ್ನು ನೋಡುವ ಅಧಿಕಾರ ನಮ್ಮ ಪ್ರತಿನಿಧಿಗಳಿಗೆ ಬಹುಮಟ್ಟಿಗೆ ಇಲ್ಲ.

ಇದಕ್ಕೂ ಮುಂದಿನ ಹೆಜ್ಜೆ ಸರ್ಕಾರಿ ಶಾಲೆಯೊಳಗೇ ನಡೆದಿದೆ. 2024ರ ನವೆಂಬರಿನಲ್ಲಿ ಟೆಕ್ಸಸ್‌ನ ಶಿಕ್ಷಣ ಮಂಡಳಿ ಶಿಶುವಿಹಾರದಿಂದ ಐದನೆಯ ತರಗತಿಯವರೆಗಿನ ಹೊಸ ಪಠ್ಯವನ್ನು ಒಪ್ಪಿಕೊಂಡಿತು. ಓದುವ ಪಾಠಗಳ ನಡುವೆ ಬೈಬಲಿನ ಕಥೆಗಳನ್ನು ಹೆಣೆದಿದ್ದಾರೆ. ಕಡ್ಡಾಯವೇನಲ್ಲ, ಅಳವಡಿಸಿಕೊಂಡ ಜಿಲ್ಲೆಗೆ ಮಗುವೊಂದಕ್ಕೆ 60 ಡಾಲರುಗಳವರೆಗೆ ಹೆಚ್ಚುವರಿ ಹಣ, ಅಷ್ಟೆ. ಬಡ ಜಿಲ್ಲೆಗೆ ಇದು ಎಂಥ ಐಚ್ಛಿಕ ಎಂಬುದನ್ನು ನೀವೇ ಊಹಿಸಿ. ಮತ ಬಿದ್ದದ್ದು ಎಂಟಕ್ಕೆ ಏಳು. ಕ್ರೈಸ್ತರಲ್ಲಿಯೇ ಅನೇಕರು, ಬೋಧಕರು ಕೂಡ, ಎದ್ದು ವಿರೋಧಿಸಿದರು: ನಮ್ಮ ಮಕ್ಕಳಿಗೆ ಯೇಸುವಿನ ಬಗ್ಗೆ ಹೇಳುವ ಕೆಲಸ ಸರ್ಕಾರದ್ದಲ್ಲ ಎಂಬುದು ಅವರ ವಾದ. ನಮ್ಮ ಸಹಜ ಮಿತ್ರರು ಇವರು, ನಾವು ಅವರನ್ನು ಹುಡುಕಿಕೊಂಡು ಹೋಗುವುದು ಕಡಿಮೆ.

ಟೆಕ್ಸಸ್‌ನಲ್ಲಿ ಕನ್ನಡಿಗರು ಬಹಳ ಜನ ಇದ್ದಾರೆ. ಅಲ್ಲಿನ ಗೆಳೆಯರಿಗೆ ನನ್ನದೊಂದು ಕೋರಿಕೆ. ನಿಮ್ಮ ಜಿಲ್ಲೆ ಆ ಪಠ್ಯ ತೆಗೆದುಕೊಂಡಿದೆಯೇ ಎಂದು ಈ ವಾರ ಕೇಳಿ ತಿಳಿಯಿರಿ. ಶಾಲಾ ಮಂಡಳಿಯ ಸಭೆಗಳು ಸಾರ್ವಜನಿಕರಿಗೆ ತೆರೆದಿರುತ್ತವೆ, ಹೆಸರು ಕೊಟ್ಟರೆ ಮಾತನಾಡಲು ಎರಡು ಮೂರು ನಿಮಿಷ ಸಿಗುತ್ತದೆ. ಪೌರತ್ವ ಇರುವವರು ಮಂಡಳಿಯ ಚುನಾವಣೆಗೆ ಮತ ಹಾಕಿ. ಇಲ್ಲದವರು ಮಾತಾದರೂ ಆಡಬಹುದು. ಖಾಸಗಿ ಕ್ರೈಸ್ತ ಶಾಲೆಗೆ ಮಕ್ಕಳನ್ನು ಕಳಿಸಿರುವವರು, ಕಳಿಸಬೇಕೆಂದಿರುವವರು, ಕೈಪಿಡಿಯ ನಂಬಿಕೆಯ ಹೇಳಿಕೆಯನ್ನು ಸಹಿಗೆ ಮುಂಚೆ ಓದಿ. ಒಂದನೆಯ ತರಗತಿಯ ಬೈಬಲ್ ಮತ್ತು ವಿಜ್ಞಾನದ ಪುಸ್ತಕಗಳನ್ನು ಕೇಳಿ ಪಡೆದು ಒಂದು ಸಂಜೆ ಕೂತು ನೋಡಿ. ಹೆಚ್ಚು ಪುಟಗಳಿಲ್ಲ, ಅಕ್ಷರಗಳೂ ದೊಡ್ಡವು. ಕ್ರೈಸ್ತರಲ್ಲದ ಮನೆಯ ಮಗುವಿಗೆ ಅದರ ಮನೆಯವರ ಗತಿಯ ಬಗ್ಗೆ ಏನು ಹೇಳುತ್ತೀರಿ ಎಂದು ಟೀಚರನ್ನು ನೇರವಾಗಿ ಕೇಳಿ. ಅವರು ಸುಳ್ಳು ಹೇಳುವುದಿಲ್ಲ, ಆ ಪ್ರಾಮಾಣಿಕತೆ ಅವರಲ್ಲಿದೆ.

ಸಮಯ ಮೀರಿದೆ ಎಂದು ಅಧ್ಯಕ್ಷರು ಸನ್ನೆ ಮಾಡುತ್ತಿದ್ದಾರೆ. ಹಿಂದಿನ ಸಾಲಿನಲ್ಲಿ ಇಬ್ಬರು ಆಗಲೇ ಕೈ ಎತ್ತಿದ್ದಾರೆ, ಮೊದಲು ಅವರ ಪ್ರಶ್ನೆ ಕೇಳೋಣ.